ಸಾವಿರ ಕಣಕ್ಕೆ ಎಷ್ಟು ಎಳೆಯವು

ಇನ್‌ಸ್ಪೆಕ್ಟರಮ್ಮನ ರಕ್ತದ ವರದಿ ಎರಡನೇ ಸಲವೂ ಹಾಗೆಯೇ ಬಂತು.

ಮೊದಲ ಸಲ ಬಂದಾಗ ಎಲ್ಲರಿಗಿಂತ ಮುಂಚೆ ನನ್ನ ಮೇಲೆ ಅನುಮಾನಪಟ್ಟವಳು ನಾನೇ. ಟ್ಯೂಬು ಅದಲುಬದಲಾಗಿರಬೇಕು, ಚೀಟಿ ಅಂಟಿಸುವಾಗ ಯಾರೋ ಕರೆದಿರಬೇಕು, ನಾನು ತಿರುಗಿ ನೋಡಿರಬೇಕು. ಹಾಗಾದದ್ದು ನೆನಪಿರಲಿಲ್ಲ. ಆದರೆ ನೆನಪಿಲ್ಲ ಎಂದ ಮಾತ್ರಕ್ಕೆ ಆಗಿಲ್ಲ ಎಂದು ಹೇಗೆ ಹೇಳುವುದು? ಅದಕ್ಕೇ ಎರಡನೇ ಸಲ ರಕ್ತ ತೆಗೆಯುವಾಗ ಫ್ರಿಜ್ಜಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಆತ ಇಡೀ ದಿನ ರಕ್ತದ ಚೀಲಗಳ ಫ್ರಿಜ್ಜಿನ ಪಕ್ಕ ಕೂರುವವನು. ಎಂಥ ಗದ್ದಲಕ್ಕೂ ಬಿಸಿಯಾಗದ ಆಸಾಮಿ. ಹೆಸರು ಎರಡು ಕಾರಣಕ್ಕೂ ಅಂಟಿಕೊಂಡಿತ್ತು.

"ಎರಡು ಮಿಲಿ ರಕ್ತಕ್ಕೆ ಸಾಕ್ಷಿ ಬೇರೆ. ಮನೆ ಮಾರೋವಾಗ್ಲೂ ನಮ್ಮಪ್ಪ ಇಷ್ಟು ಹೆದರಿರ್ಲಿಲ್ಲ," ಎಂದ.

"ಸುಮ್ನೆ ಚೀಟಿ ಓದಣ್ಣ."

ಅವನು ಹೆಸರು, ನಂಬರು, ವಯಸ್ಸು ಓದಿದ. ಕುರ್ಚಿಯಲ್ಲಿ ಕೈ ಚಾಚಿ ಕೂತಿದ್ದವಳು ತಡೆದಳು. "ವಯಸ್ಸು ತಪ್ಪು. ಎಂಟಲ್ಲ, ಎಂಟೂವರೆ."

"ಅರ್ಧಕ್ಕೆಲ್ಲ ಚೀಟೀಲಿ ಜಾಗ ಇಲ್ಲಮ್ಮ."

"ಹಂಗಾದ್ರೆ ಚೀಟಿ ದೊಡ್ಡದು ಮಾಡ್ಸಿ."

ಇನ್‌ಸ್ಪೆಕ್ಟರಮ್ಮ ಎಂಬ ಹೆಸರು ಅವಳಿಗೆ ಬಂದದ್ದು ಓದಲು ಕಲಿತ ವರ್ಷ. ಮೂರು ವಾರಕ್ಕೊಮ್ಮೆ, ಮಂಗಳವಾರ, ಅಮ್ಮನ ಜೊತೆ ಬರುತ್ತಾಳೆ. ಕಿಟಕಿ ಪಕ್ಕದ ಮೂರನೇ ಕುರ್ಚಿ ಅವಳದು. ರಕ್ತದ ಚೀಲ ತಂದರೆ ಮೊದಲು ಅವಳ ಕೈಗೆ ಕೊಡಬೇಕು. ಗುಂಪು, ತಾರೀಕು, ತನ್ನ ಹೆಸರಿನ ಅಕ್ಷರಗಳನ್ನು ಬೆರಳಿಟ್ಟು ಓದಿ, "ಸರಿ ಇದೆ, ಹಾಕಿ," ಎಂದ ಮೇಲೆಯೇ ನರ್ಸು ಸೂಜಿ ಮುಟ್ಟಬೇಕು. ಮೊದಮೊದಲು ನಗುತ್ತಿದ್ದೆವು. ಒಂದು ಸಲ ನಿಜಕ್ಕೂ ಪಕ್ಕದ ಮಗುವಿನ ಚೀಲ ಬಂದಿತ್ತು, ಅವಳೇ ಹಿಡಿದಳು. ಅಂದಿನಿಂದ ಯಾರೂ ನಗುವುದಿಲ್ಲ.

ಅವಳ ಅಮ್ಮ ಟೈಲರು. ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಾಯಿಸುವುದು, ಇಂಥ ಕೆಲಸ. ರಕ್ತ ಇಳಿಯುವ ನಾಲ್ಕು ಗಂಟೆಯೂ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಕೈಹೊಲಿಗೆ ಹಾಕುತ್ತಿರುತ್ತಾಳೆ. ನಮ್ಮ ವಾರ್ಡಿನ ಅರ್ಧ ಜನರ ಪ್ಯಾಂಟು ಅವಳ ಕೈಯಿಂದ ಬಂದದ್ದು. ಎಂಟು ವರ್ಷದಲ್ಲಿ ಆ ಹೆಂಗಸಿನ ಕೂದಲು ಕಿವಿಯ ಪಕ್ಕದಲ್ಲಿ ನರೆಯಿತು, ಕನ್ನಡಕ ಬಂತು. ಆದರೆ ಕೂರುವ ಭಂಗಿ ಬದಲಾಗಲಿಲ್ಲ. ಬಸ್ಸು ಯಾವಾಗ ಬಂದರೂ ಸರಿ, ಏಳಲು ಸಿದ್ಧ ಎನ್ನುವ ಹಾಗೆ ಸ್ಟೂಲಿನ ತುದಿಯಲ್ಲಿ.

ಕಾಯಿಲೆಯ ಹೆಸರು ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿತ್ತು: ಥಲಸ್ಸೇಮಿಯಾ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದು ಸೇರುವ ರಕ್ತದ ದೋಷ. ಐದು ತಿಂಗಳ ಕೂಸಾಗಿದ್ದಾಗ ಬರೆದದ್ದು. ಈಗ ಹೊಸ ಡಾಕ್ಟರಮ್ಮ ಬಂದ ಮೇಲೆ, ಅಸ್ಥಿಮಜ್ಜೆ ಕಸಿ ಯಾರಿಗೆ ಮಾಡಬಹುದು ಎಂದು ಪಟ್ಟಿ ಮಾಡುತ್ತಾ ಎಲ್ಲ ಮಕ್ಕಳ ಜೀನ್ ಪರೀಕ್ಷೆ ಮಾಡಿಸಿದರು. ಹಿಂದೆ ಇಂಥ ಪರೀಕ್ಷೆ ಎಂದರೆ ಯಾವುದೋ ದೂರದೂರಿಗೆ ಕಳಿಸಿ ವರ್ಷಗಟ್ಟಲೆ ಕಾಯುವುದು. ಈಗ ಮೂರು ವಾರದಲ್ಲಿ ಉತ್ತರ. ಹದಿನೆಂಟು ಮಕ್ಕಳಲ್ಲಿ ಹದಿನೇಳರ ವರದಿ ಫೈಲಿಗೆ ಹೊಂದಿತು. ಇನ್‌ಸ್ಪೆಕ್ಟರಮ್ಮನದು ಹೊಂದಲಿಲ್ಲ. ಥಲಸ್ಸೇಮಿಯಾದ ಸುಳಿವೇ ಇಲ್ಲ. ಬದಲಿಗೆ ಬೇರೊಂದು ಜೀನಿನಲ್ಲಿ ತಪ್ಪು.

ಎರಡನೇ ವರದಿ ಹಿಡಿದುಕೊಂಡು ಡಾಕ್ಟರಮ್ಮ ಲ್ಯಾಬಿಗೇ ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು. ಕಣ್ಣಿನ ಕೆಳಗೆ ಮಾತ್ರ ನನ್ನಷ್ಟೇ ವಯಸ್ಸು.

"ಟ್ಯೂಬ್ ಅದಲುಬದಲಾಗಿಲ್ಲ. ನೀವು ಸರಿಯಾಗೇ ಕಳಿಸಿದ್ದೀರ," ಎಂದರು. ಒಂದು ಕ್ಷಣ ನನ್ನ ಎದೆ ಹಗುರಾಯಿತು. ಅದೊಂದೇ ಕ್ಷಣ.

ಅವರು ಹೊಸ ಕಾಯಿಲೆಯ ಹೆಸರು ಹೇಳಿದರು. ಇಬ್ಬರು ಡಾಕ್ಟರುಗಳ ಹೆಸರನ್ನು ಒಟ್ಟಿಗೆ ಹೊಲಿದಂಥ ಹೆಸರು. ಆಮೇಲೆ ಅದನ್ನು ಉಚ್ಚರಿಸಲು ಫ್ರಿಜ್ಜಣ್ಣ ಮೂರು ಸಲ ಪ್ರಯತ್ನಿಸಿ ಕೈಬಿಟ್ಟ. ಮಜ್ಜೆ ಬಿಳಿ ಕಣಗಳನ್ನೂ ಉಳಿದದ್ದನ್ನೂ ಸರಿಯಾಗಿ ಮಾಡುತ್ತದೆ, ಕೆಂಪು ಕಣಗಳನ್ನು ಮಾತ್ರ ಮಾಡುವುದಿಲ್ಲ. ಎಷ್ಟೋ ಸಲ ಇದು ತಂದೆ ತಾಯಿಯಿಂದ ಬಂದಿರುವುದೂ ಇಲ್ಲ, ಮಗುವಿನಲ್ಲೇ ಹೊಸದಾಗಿ ಆಗಿಬಿಡುತ್ತದೆ.

"ಇದಕ್ಕೆ ಔಷಧಿ?" ಎಂದು ಕೇಳಿದೆ.

"ಸ್ಟೀರಾಯ್ಡ್ ಮಾತ್ರೆ. ಎಲ್ಲರಿಗೂ ಅಲ್ಲ, ಆದ್ರೆ ಜಾಸ್ತಿ ಮಕ್ಕಳಿಗೆ ಹಿಡಿಯುತ್ತೆ. ಹಿಡಿದ್ರೆ ಮಜ್ಜೆ ತಾನೇ ಕೆಂಪು ಕಣ ಮಾಡೋಕೆ ಶುರು ಮಾಡುತ್ತೆ. ಆಮೇಲೆ ಡೋಸ್ ಇಳಿಸ್ತಾ ಹೋಗಿ, ಚೂರೇ ಚೂರು ಮಾತ್ರೆ ಮೇಲೆ ಇರಬಹುದು. ರಕ್ತ ಹಾಕೋದೇ ಬೇಡ."

"ಯಾವ ಮಾತ್ರೆ?"

ಅವರು ಹೇಳಿದರು. ನಮ್ಮ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಉಬ್ಬಸದವರಿಗೆ ಕೊಡುವ ಮಾತ್ರೆ. ಎಂಟು ವರ್ಷವೂ ಅಲ್ಲೇ ಇತ್ತು, ಇನ್‌ಸ್ಪೆಕ್ಟರಮ್ಮನ ಕುರ್ಚಿಯಿಂದ ಮೂವತ್ತು ಹೆಜ್ಜೆ.

"ನನಗೆ ಅರ್ಥ ಆಗದೇ ಇರೋದು ಮೊದಲ ರಿಪೋರ್ಟು," ಎಂದು ಡಾಕ್ಟರಮ್ಮ ಫೈಲಿನ ಅಡಿಯ ಹಾಳೆ ತೆಗೆದರು. "ಇದನ್ನ ನೋಡಿ ಥಲಸ್ಸೇಮಿಯಾ ಅಂದ್ಕೊಂಡಿದ್ದಾರೆ. ಬೇರೆಯವರ ರಕ್ತ ಸೇರಿದ ಸ್ಯಾಂಪಲ್ ಥರ ಕಾಣುತ್ತೆ. ಆದ್ರೆ ಇಲ್ಲಿ 'ಹಿಂದೆ ರಕ್ತ ಹಾಕಿಲ್ಲ' ಅಂತ ಬರೆದಿದೆ. ಯಾರು ಮಾಡಿದ್ದು ಇದನ್ನ?"

ಕೆಳಗಿದ್ದ ಸಹಿಯನ್ನು ನಾನು ಆಗಲೇ ನೋಡಿದ್ದೆ. ಆ ಕಾಲದಲ್ಲಿ ಸಹಿಯನ್ನು ಪೂರ್ತಿ ಬಿಡಿಸಿ ಬರೆಯುತ್ತಿದ್ದೆ, ಯಾರೂ ಓದಲಾಗದು ಎನ್ನಬಾರದೆಂದು.

"ನಾನು," ಎಂದೆ.

ಡಾಕ್ಟರಮ್ಮ "ಹ್ಞೂಂ," ಎಂದು ಹಾಳೆಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿದರು.

ನಾನು ಈ ಕೆಲಸ ಕಲಿತದ್ದು ಸಂಜೆ ತರಗತಿಯಲ್ಲಿ. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಆರಕ್ಕೆ ಬೆಂಚಿನ ಮೇಲೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಹಗಲು ಓದಿದವರಿಗೆ ಗೊತ್ತಿರುವ ಏನೋ ಒಂದು ನನಗೆ ತಪ್ಪಿಹೋಗಿದೆ ಎಂಬ ಅಳುಕು ಇಪ್ಪತ್ತು ವರ್ಷವಾದರೂ ಹೋಗಿಲ್ಲ. ನಮ್ಮ ಮೇಷ್ಟ್ರು ಒಂದು ಅಭ್ಯಾಸ ಕಲಿಸಿದ್ದರು. ಜೇಬಿನಲ್ಲಿ ಪುಟ್ಟ ಪುಸ್ತಕ ಇಟ್ಟುಕೊಳ್ಳಿ, ಮಾಡಬೇಕಾದ್ದನ್ನು ಬರೆಯಿರಿ, ಮಾಡಿದ ಮೇಲೆ ಟಿಕ್ ಹಾಕಿ, ಟಿಕ್ ಇಲ್ಲದ ಸಾಲು ಇದ್ದರೆ ಮನೆಗೆ ಹೋಗಬೇಡಿ ಎಂದು. ಉಳಿದವರು ಒಂದು ತಿಂಗಳಲ್ಲಿ ಬಿಟ್ಟರು. ನಾನು ಬಿಡಲಿಲ್ಲ. ಅರವತ್ತಕ್ಕೂ ಹೆಚ್ಚು ಪುಸ್ತಕಗಳು ಲ್ಯಾಬಿನ ಕೆಳಗಿನ ಕಪಾಟಿನಲ್ಲಿ, ವರ್ಷದ ಪ್ರಕಾರ ರಬ್ಬರ್ ಬ್ಯಾಂಡು ಸುತ್ತಿಕೊಂಡು ಕೂತಿವೆ. ಅವನ್ನು ಕಂಡು ಮೂಗು ಮುರಿಯದವರಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಆ ವರ್ಷದ ಕಟ್ಟು ತೆಗೆದೆ. ರಬ್ಬರ್ ಬ್ಯಾಂಡು ಒಣಗಿ ಕೈಯಲ್ಲೇ ತುಂಡಾಯಿತು. ತಾರೀಕು ಗೊತ್ತಿದ್ದರಿಂದ ಪುಟ ಹುಡುಕಲು ಹೊತ್ತಾಗಲಿಲ್ಲ.

ಹತ್ತು ಸಾಲುಗಳಿದ್ದವು. ಒಂಬತ್ತಕ್ಕೆ ಟಿಕ್ ಇತ್ತು. ಆರನೆಯದು ಹೀಗಿತ್ತು: "ಐದು ತಿಂಗಳ ಹೆಣ್ಣು ಮಗು. ಹಿಂದೆ ರಕ್ತ ಹಾಕಿಸಿದ್ದಾರಾ ಕೇಳಿದೆ, ಇಲ್ಲ ಅಂದರು. ಎಡಗಾಲ ಮೇಲೆ ಪ್ಲಾಸ್ಟರ್ ಗುರುತು. ಮತ್ತೆ ಕೇಳಬೇಕು."

ಅದರ ಮುಂದೆ ಏನೂ ಇರಲಿಲ್ಲ.

ಆ ಪಾದ ನೆನಪಾಯಿತು. ನನ್ನ ಹೆಬ್ಬೆರಳಿನಷ್ಟು ಉದ್ದದ ಪಾದ. ಮೇಲುಗಡೆ ಚೌಕಾಕಾರದಲ್ಲಿ ಪ್ಲಾಸ್ಟರಿನ ಅಂಟು ಮಸುಕಾಗಿ ಉಳಿದಿತ್ತು. ಎಲ್ಲೋ ಸೂಜಿ ಹಾಕಿದ್ದಾರೆ, ಬರೀ ಗ್ಲೂಕೋಸೋ ರಕ್ತವೋ ಎಂದು ಆಗ ಅನ್ನಿಸಿತ್ತು. ಬೇರೆಯವರ ರಕ್ತ ಮೈಯಲ್ಲಿ ಓಡಾಡುತ್ತಿರುವಾಗ ಪರೀಕ್ಷೆ ಮಾಡಿದರೆ ಯಂತ್ರ ಆ ಬೇರೆಯವರ ಕಥೆಯನ್ನೂ ಸೇರಿಸಿ ಹೇಳುತ್ತದೆ. ಎರಡು ಮೂರು ತಿಂಗಳು ಬಿಟ್ಟು ಮಾಡಬೇಕು, ಇಲ್ಲವೇ ತಂದೆ ತಾಯಿಯ ರಕ್ತ ನೋಡಬೇಕು. ಇದು ಸಂಜೆ ತರಗತಿಯಲ್ಲೂ ಹೇಳಿಕೊಟ್ಟಿದ್ದರು, ನಾನು ನಿದ್ದೆ ಮಾಡಿರಲಿಲ್ಲ. ಆ ದಿನ ಹೊರಗೆ ಸಾಲು ಬಾಗಿಲು ದಾಟಿತ್ತು. ತಂದೆ ತಾಯಿಯ ಪರೀಕ್ಷೆಗೆ ಫೈಲಿನಲ್ಲಿ "ಆಮೇಲೆ" ಎಂದು ಬರೆದಿದ್ದರು, ಯಂತ್ರದ ದ್ರಾವಣ ಆ ತಿಂಗಳು ಮುಗಿಯುತ್ತಾ ಬಂದಿತ್ತು. ಮುಂದಿನ ತಿಂಗಳ ಹೊತ್ತಿಗೆ ಕಾಯಿಲೆಯ ಹೆಸರು ಫೈಲಿನ ಮೇಲೆ ಒಣಗಿ ಗಟ್ಟಿಯಾಗಿತ್ತು. ಆಮೇಲೆ ಯಾರು ಕೇಳುತ್ತಾರೆ?

ಆ ಪುಸ್ತಕವನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಸಾಲನ್ನು ಎರಡು ಸಲ ಓದಿದರು.

"ನೀವು ಒಬ್ಬರೇ ಅಲ್ಲ," ಎಂದರು. "ಇಷ್ಟು ಜನ ಡಾಕ್ಟರು ಇಷ್ಟು ವರ್ಷ ಫೈಲ್ ನೋಡಿದ್ದಾರೆ. ಒಂದು ವರ್ಷದಿಂದ ನಾನೂ ನೋಡಿದ್ದೀನಿ."

"ಆ ತಾಯಿಗೆ ಹೇಳ್ಬೇಕಲ್ವಾ ಮೇಡಂ?"

ಅವರು ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡರು. "ಹೊಸ ಟೆಸ್ಟಲ್ಲಿ ಹೊಸ ಕಾಯಿಲೆ ಗೊತ್ತಾಯ್ತು ಅಂತ ಹೇಳ್ತೀನಿ. ಅದೂ ನಿಜಾನೇ. ಮಿಕ್ಕಿದ್ದು ಮಾತ್ರೆ ಹಿಡಿಯುತ್ತೋ ಇಲ್ವೋ ನೋಡಿಕೊಂಡು ಹೇಳೋಣ. ಈಗ್ಲೇ ಹೇಳಿ, ಅವರಿಗೆ ನಮ್ಮ ಮೇಲೆ ನಂಬಿಕೆ ಹೋಗಿ, ಮಾತ್ರೆ ನಿಲ್ಲಿಸಿಬಿಟ್ರೆ? ಈ ಮಾತ್ರೆ ಅರ್ಧಕ್ಕೆ ನಿಲ್ಲಿಸೋ ಹಾಗಿಲ್ಲ. ಮೂರು ವಾರ ಸುಮ್ನಿರಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಬಂದೆ.

ಆ ಮಂಗಳವಾರ ರಕ್ತ ಹಾಕಿ, ಬುಧವಾರದಿಂದ ಮಾತ್ರೆ ಶುರುವಾಯಿತು. ಮೂರನೇ ವಾರ, ಮುಂದಿನ ಚೀಲ ಹಾಕುವ ಮೊದಲು, ರಕ್ತದಲ್ಲಿ ಎಳೆಯ ಕೆಂಪು ಕಣಗಳು ಎಷ್ಟಿವೆ ಎಂದು ನೋಡಬೇಕು. ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಕಣಗಳು ಅವು. ಚೀಲದಿಂದ ಬಂದ ರಕ್ತದಲ್ಲಿ ಅಷ್ಟು ಎಳೆಯವು ಉಳಿದಿರುವುದಿಲ್ಲ. ಅವು ಹೆಚ್ಚಿದ್ದರೆ ಮಾತ್ರೆ ಹಿಡಿದಿದೆ ಎಂದರ್ಥ. ಮಾತ್ರೆಗೆ ಮುಂಚೆ ನಾನೇ ಎಣಿಸಿದಾಗ ಸಾವಿರ ಕಣಕ್ಕೆ ಎರಡಿದ್ದವು.

ಆ ದಿನಗಳಲ್ಲಿ ನನಗೆ ಅನ್ನಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಲೆಕ್ಕ ಹಾಕುತ್ತಿದ್ದೆ. ಮಾತ್ರೆ ಹಿಡಿಯದಿದ್ದರೆ ಎಂಟು ವರ್ಷದ ಹಿಂದೆ ಗೊತ್ತಾಗಿದ್ದರೂ ಇದೇ ಗತಿ, ಇದೇ ಚೀಲ, ಇದೇ ಕುರ್ಚಿ. ನನ್ನ ಟಿಕ್ ಇಲ್ಲದ ಸಾಲಿನಿಂದ ಯಾರಿಗೂ ಏನೂ ಆಗಿಲ್ಲ. ಮಾತ್ರೆ ಹಿಡಿದರೆ ಆ ಎಂಟು ವರ್ಷವೂ ನನ್ನ ತಲೆಗೆ. ಹಾಗೆ ಯೋಚಿಸುತ್ತಾ, ಹಿಡಿಯದೇ ಇರಲಿ ಎಂದು ಮನಸ್ಸಿನ ಯಾವುದೋ ಮೂಲೆ ಅನ್ನುತ್ತಿರುವುದು ಕೇಳಿಸಿತು. ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿತ್ತು. ಎರಡು ನಿಲ್ದಾಣ ಹಿಂದಕ್ಕೆ ನಡೆದೆ.

ಫ್ರಿಜ್ಜಣ್ಣನಿಗೆ ಅಷ್ಟನ್ನು ಹೇಳಲಿಲ್ಲ. ಪುಸ್ತಕದ ಸಾಲಿನ ವಿಷಯ ಮಾತ್ರ ಹೇಳಿದೆ.

"ಬೇರೆಯವರಾಗಿದ್ರೆ ಆ ಪ್ಲಾಸ್ಟರ್ ಗುರುತು ನೋಡ್ತಾನೇ ಇರ್ಲಿಲ್ಲ. ನೀನು ನೋಡ್ದೆ, ಬರ್ದು ಬೇರೆ ಇಟ್ಟೆ. ಈಗ ಅದೇ ನಿನ್ನ ಕುತ್ತಿಗೆಗೆ ಬಂತು," ಎಂದ.

"ಏನ್ ಮಾಡ್ಲಿ ಹೇಳು."

"ನನ್ನ ಕೇಳಿದ್ರೆ, ಪುಸ್ತಕ ಒಲೆಗೆ ಹಾಕು ಅಂತೀನಿ. ಆದ್ರೆ ನೀನು ಹಾಕಲ್ಲ. ಹಾಕೋ ಪೈಕಿ ಆಗಿದ್ರೆ ಬರೀತಾನೇ ಇರ್ಲಿಲ್ಲ." ಅವನು ಫ್ರಿಜ್ಜಿನ ಉಷ್ಣಾಂಶ ನೋಡಿ ಹಾಳೆಯಲ್ಲಿ ಬರೆದುಕೊಂಡ. "ಡಾಕ್ಟ್ರು ಹೇಳಿದ ಹಾಗೆ ಎಣಿಸಿ ಆದ್ಮೇಲೆ ಹೇಳು. ಏನಂತೆ?"

ಎಣಿಸಿ ಆದ ಮೇಲೆ. ಅಲ್ಲೇ ನನಗೆ ಮುಳ್ಳು ಚುಚ್ಚುತ್ತಿದ್ದದ್ದು. ಎಳೆಯ ಕಣಗಳು ಕಡಿಮೆ ಬಂದರೆ, ಇನ್ನು ಹೇಳಿ ಏನು ಪ್ರಯೋಜನ ಎಂದು ನಾನು ಸುಮ್ಮನಾಗುತ್ತೇನೆ. ನನ್ನ ಯೋಗ್ಯತೆ ನನಗೆ ಗೊತ್ತು. ಅದಕ್ಕಿಂತ ಕೆಟ್ಟದ್ದೂ ಒಂದಿತ್ತು. ಎಣಿಸುವವಳು ನಾನೇ. ನೀಲಿ ಬಣ್ಣ ಹಿಡಿದ ಕಣವೋ ಅಲ್ಲವೋ ಎಂದು ಅನುಮಾನ ಬರುವ ಕಣಗಳು ಯಾವಾಗಲೂ ನಾಲ್ಕಾರು ಇರುತ್ತವೆ. ಎರಡು ಮನಸ್ಸಿಟ್ಟುಕೊಂಡು ಕೂತವಳು ಅವನ್ನು ಯಾವ ಕಡೆಗೆ ಸೇರಿಸುತ್ತಾಳೆ?

ಮೂರನೇ ಮಂಗಳವಾರ ಇನ್‌ಸ್ಪೆಕ್ಟರಮ್ಮ ಬಂದಾಗ ಬಾಗಿಲಲ್ಲಿ ಗುರುತೇ ಸಿಗಲಿಲ್ಲ. ಮಾತ್ರೆಯಿಂದ ಮುಖ ದುಂಡಗಾಗಿತ್ತು, ಕೆನ್ನೆಗಳು ಉಬ್ಬಿ ಕಣ್ಣು ಚಿಕ್ಕದಾಗಿತ್ತು.

"ಏನು ಇನ್‌ಸ್ಪೆಕ್ಟ್ರೇ, ಬಾಯಲ್ಲೇನು ಬಚ್ಚಿಟ್ಟಿದ್ದೀರ?" ಎಂದ ಫ್ರಿಜ್ಜಣ್ಣ.

"ಮಾತ್ರೆಯಿಂದ ಹಿಂಗಾಗುತ್ತೆ ಅಂತ ಡಾಕ್ಟ್ರು ಮೊದ್ಲೇ ಹೇಳಿದಾರೆ. ನಿಮಗೆ ಗೊತ್ತಿಲ್ವಾ?"

"ನಂಗೆ ಯಾರು ಹೇಳ್ತಾರಮ್ಮ, ನಾನು ಬರೀ ಫ್ರಿಜ್ಜು."

"ಬೆಳಿಗ್ಗೆಯಿಂದ ಆರು ಬ್ರೆಡ್ ತಿಂದಿದ್ದಾಳೆ," ಎಂದು ಅವಳಮ್ಮ ಚೀಲ ಕೆಳಗಿಟ್ಟು ಸ್ಟೂಲಿನ ತುದಿಯಲ್ಲಿ ಕೂತಳು. "ತಿಂದು, ಇನ್ನೂ ಇದ್ಯಾ ಅಂತ ಕೇಳ್ತಾಳೆ. ಇವ್ಳಿಗೆ ತಿನ್ನು ಅಂತ ಬೇಡ್ಕೊಂಡು ಬೇಡ್ಕೊಂಡು ಸಾಕಾಗಿತ್ತು. ಈಗ ಇಸ್ಕೂಲಲ್ಲಿ ಪಕ್ಕದವಳ ಡಬ್ಬಿಗೂ ಕೈ ಹಾಕಿದ್ದಾಳಂತೆ."

"ಅವ್ಳೇ ಕೊಟ್ಟಿದ್ದು," ಎಂದಳು ಮಗಳು.

ರಕ್ತ ತೆಗೆದೆ. ಚೀಟಿಯ ವಯಸ್ಸಿನ ಮುಂದೆ ಪೆನ್ನಿನಲ್ಲಿ "ಅರೆ" ಎಂದು ಸೇರಿಸಿದೆ. ಅವಳು ನೋಡಿ ತಲೆಯಾಡಿಸಿದಳು. ಲ್ಯಾಬಿಗೆ ಬಂದು ಪುಟ್ಟ ಕೊಳವೆಯಲ್ಲಿ ಅವಳ ರಕ್ತದ ಹನಿಗಳಿಗೆ ಅಷ್ಟೇ ಹನಿ ನೀಲಿ ಬಣ್ಣ ಬೆರೆಸಿ ಬೆಚ್ಚಗಿನ ನೀರಿನಲ್ಲಿಟ್ಟೆ. ಹದಿನೈದು ನಿಮಿಷ ಹಾಗೇ ಬಿಡಬೇಕು. ಆಮೇಲೆ ಗಾಜಿನ ಮೇಲೆ ಹರಡಿದರೆ ಎಳೆಯ ಕಣಗಳ ಒಳಗೆ ನೀಲಿ ದಾರದ ಚೂರುಗಳು ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ಬಲಿತ ಕಣಗಳಲ್ಲಿ ಅದು ಇರುವುದಿಲ್ಲ.

ಗಡಿಯಾರ ನೋಡಿದೆ. ಹತ್ತೂ ಇಪ್ಪತ್ತು. ಪುಸ್ತಕ ಜೇಬಿನಲ್ಲಿತ್ತು, ಇವತ್ತಿನದಲ್ಲ, ಆವತ್ತಿನದು. ವಾರ್ಡಿಗೆ ಹೋಗಿ, "ಸ್ವಲ್ಪ ಈಚೆಗೆ ಬಾಮ್ಮ," ಎಂದು ಅವಳಮ್ಮನನ್ನು ಕರೆದೆ.

ಕಾರಿಡಾರಿನ ಕೊನೆಯಲ್ಲಿ ಮುರಿದ ಗಾಲಿಕುರ್ಚಿಗಳನ್ನು ಒತ್ತರಿಸಿಟ್ಟ ಜಾಗವಿದೆ. ಅಲ್ಲಿಗೆ ಕರೆದುಕೊಂಡು ಹೋದೆ. ಕೈಯಲ್ಲಿದ್ದ ಪ್ಯಾಂಟನ್ನು ಸೂಜಿ ಸಮೇತ ಹಿಡಿದುಕೊಂಡೇ ಬಂದಳು.

"ಹಿಡೀಲಿಲ್ವಾ ಅಕ್ಕ?" ಎಂದಳು. ಅವಳಿಗೆ ಇನ್ನೇನು ಹೊಳೆಯಬೇಕು.

"ಇನ್ನೂ ಎಣಿಸಿಲ್ಲ. ಎಣಿಸೋಕೆ ಮುಂಚೆ ನಿಂಗೊಂದು ಮಾತು ಹೇಳ್ಬೇಕು." "ಪಾಪು ಐದು ತಿಂಗಳು ಇದ್ದಾಗ ಮೊದಲ್ನೇ ಸಲ ಇಲ್ಲಿಗೆ ತಂದ್ರಲ್ಲ, ಅದಕ್ಕೆ ಮುಂಚೆ ಬೇರೆ ಎಲ್ಲಾದ್ರೂ ರಕ್ತ ಹಾಕ್ಸಿದ್ರಾ?"

ಅವಳು ನನ್ನ ಮುಖ ನೋಡಿದಳು. ಪ್ಯಾಂಟಿನ ಬಟ್ಟೆಯಲ್ಲಿ ಸೂಜಿಯನ್ನು ಚುಚ್ಚಿ ನಿಲ್ಲಿಸಿದಳು.

"ಹಾಕ್ಸಿದ್ವಿ," ಎಂದಳು. "ಎರಡು ದಿನ ಮುಂಚೆ. ನಮ್ಮ ಮನೆ ಹತ್ರ ಒಂದು ಸಣ್ಣ ಆಸ್ಪತ್ರೆ ಇತ್ತು, ಈಗ ಮುಚ್ಚಿದೆ. ಅವರು ರಕ್ತ ಹಾಕಿ, ನಮ್ಮ ಕೈಲಿ ಆಗಲ್ಲ ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರು. ಅಲ್ಲಿ ಕೇಳಿದ್ರೆ ಏನೂ ಹಾಕ್ಸಿಲ್ಲ ಅನ್ನಿ, ಇಲ್ಲದಿದ್ರೆ ಹಾಕಿದವರ ಹತ್ರಾನೇ ಹೋಗಿ ಅಂತ ವಾಪಸ್ ಕಳಿಸ್ತಾರೆ ಅಂದ್ರು. ಅದಕ್ಕೆ ಇಲ್ಲ ಅಂದೆ. ಯಾಕಕ್ಕ?"

ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ಓದುತ್ತಿರುವಾಗ, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಬೇರೆ ರಕ್ತ ಸೇರಿದರೆ ಪರೀಕ್ಷೆ ಹೇಗೆ ದಾರಿ ತಪ್ಪುತ್ತದೆ, ನಾನು ಆ ಗುರುತು ನೋಡಿಯೂ ಮತ್ತೆ ಕೇಳಲಿಲ್ಲ, ಅದರಿಂದ ಕಾಯಿಲೆಗೆ ತಪ್ಪು ಹೆಸರು ಬಿತ್ತು, ಈ ಮಾತ್ರೆಯನ್ನು ಆಗಲೇ ಕೊಟ್ಟು ನೋಡಬಹುದಿತ್ತು ಎಂದು. "ಈವತ್ತು ಒಳ್ಳೇ ಸುದ್ದಿ ಬಂದ್ರೂ ಇದು ಇದ್ದಿದ್ದೇ, ಬರದಿದ್ರೂ ಇದ್ದಿದ್ದೇ. ಅದಕ್ಕೇ ಮೊದ್ಲೇ ಹೇಳ್ತಿದ್ದೀನಿ," ಎಂದೆ.

ಅವಳು ಮುರಿದ ಗಾಲಿಕುರ್ಚಿಯೊಂದರ ಮೇಲೆ ಕೂತಳು. ಅದು ಒಂದು ಪಕ್ಕಕ್ಕೆ ವಾಲಿತು, ಅವಳು ಸರಿಮಾಡಿಕೊಳ್ಳಲಿಲ್ಲ.

"ಅಂದ್ರೆ ನಾನು ಸುಳ್ಳು ಹೇಳಿದ್ದಕ್ಕೆ."

"ಅಲ್ಲ. ನಾನು ಕೇಳದೇ ಇದ್ದಿದ್ದಕ್ಕೆ."

"ನೀವು ಕೇಳ್ಬೇಕಿತ್ತಕ್ಕ," ಎಂದಳು. ಜೋರು ಮಾಡಲಿಲ್ಲ. "ಇನ್ನೊಂದು ಸಲ ಕೇಳಿದ್ದಿದ್ರೆ ಹೇಳ್ಬಿಡ್ತಿದ್ದೆ. ಒಂದೇ ಸಲಕ್ಕೆ ಆಗುವಷ್ಟು ಧೈರ್ಯ ಕಟ್ಕೊಂಡು ಬಂದಿದ್ದೆ, ಎರಡನೇ ಸಲಕ್ಕೆ ಇರ್ಲಿಲ್ಲ."

ಪುಸ್ತಕ ಮುಚ್ಚಿ ಜೇಬಿಗೆ ಸೇರಿಸಿದೆ.

"ತಂದೆದು ಅರ್ಧ, ತಾಯಿದು ಅರ್ಧ, ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಹಿಂಗೇ ಆಗಬಹುದು ಅಂತ ಆಗ ಇದ್ದ ಡಾಕ್ಟ್ರು ಚಿತ್ರ ಬರೆದು ತೋರ್ಸಿದ್ರು. ಇನ್ನೊಂದು ಮಗು ಬೇಡ ಅಂತ ಇವ್ಳಪ್ಪಂಗೆ ನಾನೇ ಹೇಳ್ದೆ. ಅವರಿಗೆ ಆಸೆ ಇತ್ತು. ಇನ್ನೊಂದು ಬಂದು ಅದಕ್ಕೂ ಚೀಲ ಹಾಕ್ಸೋಕೆ ನನ್ನ ಕೈಲಿ ಆಗಲ್ಲ ಅಂದೆ." ಪ್ಯಾಂಟಿನ ಕಾಲನ್ನು ಮೊಣಕಾಲ ಮೇಲೆ ಹರಡಿ ಅಂಗೈಯಿಂದ ಸುಕ್ಕು ಬಿಡಿಸಿದಳು. "ಅದೂ ಸುಳ್ಳೇನಾ?"

"ಡಾಕ್ಟ್ರು ವಿವರವಾಗಿ ಹೇಳ್ತಾರೆ. ಆದ್ರೆ ಆ ಲೆಕ್ಕ ಈ ಕಾಯಿಲೆದಲ್ಲ."

ಅವಳು ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಬಯ್ದರೆ ಬಯ್ಯಲಿ ಎಂದು ಮೈ ಗಟ್ಟಿ ಮಾಡಿಕೊಂಡಿದ್ದೆ, ಬಯ್ಯಲೂ ಇಲ್ಲ. ಅವಳಿಗೆ ಸುಸ್ತಾಗಿತ್ತು. ಅಷ್ಟೇ ಕಾಣುತ್ತಿದ್ದದ್ದು. ಎಂಟು ವರ್ಷದ ಸುಸ್ತಿನ ಮೇಲೆ ಇನ್ನೂ ಒಂದನ್ನು ಹೊರಿಸಿದವಳು ನಾನು, ನನ್ನ ಹೊರೆ ಇಳಿಸಿಕೊಳ್ಳಲು. ಡಾಕ್ಟರಮ್ಮ ಹೇಳಿದ್ದೇ ಸರಿಯಿತ್ತೇನೋ ಎಂದು ಆಗ ಅನ್ನಿಸಿತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

"ಮಾತ್ರೆ ಮಾತ್ರ ನಿಲ್ಲಿಸ್ಬೇಡ," ಎಂದೆ.

"ಯಾಕೆ ನಿಲ್ಲಿಸ್ಲಿ? ನಂಗೇನು ತಲೆ ಕೆಟ್ಟಿದ್ಯಾ?" ಎಂದು ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. "ಹೋಗಿ ಎಣಿಸಿ."

ಹತ್ತೂ ಮೂವತ್ತೆಂಟು. ಮೂರು ನಿಮಿಷ ಹೆಚ್ಚಾಗಿತ್ತು, ತೊಂದರೆಯಿಲ್ಲ. ಒಂದು ಹನಿಯನ್ನು ಗಾಜಿನ ಮೇಲಿಟ್ಟು ಎಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಡಗೈಯಲ್ಲಿ ಎಣಿಕೆಯ ಗುಂಡಿ. ಬಲಗೈಯಲ್ಲಿ ತಿರುಪು. ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ, ಕೈ ತಾನಾಗಿ ನಡೆಯಬೇಕು, ನಡೆಯಲಿಲ್ಲ. ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಮತ್ತೊಮ್ಮೆ ನೋಡಿಕೊಂಡು ಶುರುಮಾಡಿದೆ.

ಮೊದಲ ನೂರರಲ್ಲಿ ಮೂರು. ಕಣ್ಣು ನಂಬಲಿಲ್ಲ. ಬಣ್ಣದ ಚೂರು ಮೇಲೆ ಬಿದ್ದಿರಬೇಕು ಎಂದು ತಿರುಪು ತಿರುಗಿಸಿ ನೋಡಿದೆ. ಬಣ್ಣದ ಚೂರಾದರೆ ಕಣದ ಮೇಲೆ ಮಿಂಚುತ್ತದೆ, ಒಳಗೆ ಇರುವುದಿಲ್ಲ. ಇವು ಒಳಗಿದ್ದವು. ಸಣ್ಣ ನೀಲಿ ದಾರಗಳು, ಗಂಟು ಬಿದ್ದು. ಎರಡನೇ ನೂರರಲ್ಲಿ ಎರಡು. ಮೂರನೆಯದರಲ್ಲಿ ನಾಲ್ಕು. ಆಮೇಲೆ ಯೋಚಿಸುವುದನ್ನು ಬಿಟ್ಟು ಎಣಿಸಿದೆ. ಸಾವಿರಕ್ಕೆ ಮೂವತ್ತೊಂದು. ಅನುಮಾನದವನ್ನು ಬಿಟ್ಟು.

ಇನ್ನೊಂದು ಗಾಜು ಮಾಡಿದೆ. ಇಪ್ಪತ್ತೊಂಬತ್ತು.

ಮೂರನೆಯದನ್ನೂ ಮಾಡಿ ಫ್ರಿಜ್ಜಣ್ಣನ ಕೈಗೆ ಗುಂಡಿ ಕೊಟ್ಟೆ. ನಾನು "ಹ್ಞಾ" ಎಂದಾಗಲೆಲ್ಲ ಒತ್ತು ಎಂದೆ. ಮೂವತ್ತೆರಡು. "ಮೂರು ಸಲಾನೂ ಬೇರೆ ಬೇರೆ ಬಂತಲ್ಲ," ಎಂದ ಅವನು ಗಾಬರಿಯಿಂದ.

"ಅದು ಹಾಗೇ ಬರುತ್ತೆ. ಮೊದ್ಲು ಎರಡಿತ್ತು ಅಣ್ಣ. ಎರಡು."

ಅವನು ಗುಂಡಿಯನ್ನು ಮೇಜಿನ ಮೇಲಿಟ್ಟ. "ಹಂಗಾದ್ರೆ ಹಿಡೀತು," ಎಂದ. ಆಮೇಲೆ ನನ್ನ ಮುಖ ನೋಡಿ, ಒಂದು ಲೋಟ ಟೀ ತರಲು ಹೋದ.

ಖುಷಿಯಾಯಿತೇ ಎಂದರೆ ಆಯಿತು. ಬಸ್ಸಿನಲ್ಲಿ ಮಾತಾಡಿದ್ದ ಮೂಲೆ ಬಾಯಿ ಮುಚ್ಚಿಕೊಂಡಿತ್ತು.

ಡಾಕ್ಟರಮ್ಮ ಮೂರು ಗಾಜುಗಳನ್ನೂ ತಾವೇ ನೋಡಿದರು. ಹಿಮೋಗ್ಲೋಬಿನ್ನೂ ಎಂದಿನಷ್ಟು ಇಳಿದಿರಲಿಲ್ಲ. ಇವತ್ತು ರಕ್ತ ಬೇಡ, ಒಂದು ವಾರ ಬಿಟ್ಟು ಮತ್ತೆ ನೋಡೋಣ ಎಂದು ಬರೆದರು. ತಾಯಿಗೆ ಹೇಳಿಬಿಟ್ಟೆ ಎಂದು ನಾನು ಒಪ್ಪಿಕೊಂಡೆ. ಅವರು ಪೆನ್ನು ಕೆಳಗಿಟ್ಟರು. "ನೀವು ನನ್ನ ಮಾತು ಕೇಳಲಿಲ್ಲ," ಎಂದರು. ಫೈಲನ್ನು ನನ್ನ ಕಡೆ ತಳ್ಳಿ, "ಮೊದಲ ರಿಪೋರ್ಟಿನ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದು ಸಹಿ ಹಾಕಿ. ಕೆಳಗೆ ನಾನೂ ಹಾಕ್ತೀನಿ," ಎಂದರು.

ವಾರ್ಡಿಗೆ ಹೋದಾಗ ಫ್ರಿಜ್ಜಣ್ಣ ಚೀಲವನ್ನು ವಾಪಸು ಒಯ್ಯಲು ಬಂದಿದ್ದ. ಇನ್‌ಸ್ಪೆಕ್ಟರಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಿಡುತ್ತಿರಲಿಲ್ಲ.

"ಇದ್ರಲ್ಲಿ ನನ್ನ ಹೆಸರಿದೆ. ತಾರೀಕೂ ಸರಿ ಇದೆ. ಯಾಕೆ ತಗೊಂಡ್ಹೋಗ್ತೀರ?"

"ನಿಂಗೆ ಬೇಡ್ವಂತೆ ಇವತ್ತು."

"ಯಾರು ಹೇಳಿದ್ದು?"

"ನಿನ್ನ ರಕ್ತಾನೇ ಹೇಳ್ತು," ಎಂದೆ ನಾನು. "ಮೂರು ಸಲ ಕೇಳ್ದೆ."

ಅವಳು ಯೋಚಿಸಿದಳು. "ಇಲ್ಲಿವರೆಗೆ ನೂರಾ ಮೂವತ್ತಾರು ಆಗಿದೆ. ಚಿಕ್ಕವಳಿದ್ದಾಗಿಂದು ಫೈಲಲ್ಲಿ ಎಣಿಸ್ದೆ. ಇದು ನೂರಾ ಮೂವತ್ತೇಳು ಅಂತ ಬರ್ಕೊಂಡ್ಬಿಟ್ಟಿದ್ದೀನಿ."

"ಹೊಡೆದು ಹಾಕು," ಎಂದಳು ಅವಳಮ್ಮ. ನಾನು ಬಂದಾಗಿನಿಂದ ಅವಳು ತಲೆಯೆತ್ತಿರಲಿಲ್ಲ. ಪ್ಯಾಂಟಿನ ಕಾಲಿನ ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಮಡಚಿ ಚೀಲಕ್ಕೆ ಸೇರಿಸಿದಳು. ನಾಲ್ಕು ಗಂಟೆ ಕೂರಲು ಬಂದವಳಿಗೆ ಎದ್ದು ಹೋಗಲು ಹೇಳಿದ್ದರಿಂದ ಏನು ಮಾಡಬೇಕೋ ತೋಚದ ಹಾಗೆ ಒಂದು ಗಳಿಗೆ ನಿಂತಳು.

ಬಾಗಿಲವರೆಗೆ ನಾನೂ ಹೋದೆ. ಹೋಗಬಾರದಿತ್ತೇನೋ. ಮಗಳು ಮುಂದೆ ಮುಂದೆ, ಬ್ರೆಡ್ಡು ಸಿಗುವ ಕಡೆಗೆ ನಡೆಯುತ್ತಿದ್ದಳು.

"ಮುಂದಿನ ಮಂಗಳವಾರಾನೂ ಎಣಿಸ್ಬೇಕಾ?" ಎಂದು ಕೇಳಿದಳು ತಾಯಿ, ನನ್ನ ಕಡೆ ನೋಡದೆ.

"ಹ್ಞೂಂ. ಇನ್ನು ಸ್ವಲ್ಪ ದಿನ ವಾರವಾರಾನೂ. ಬೇರೆ ಯಾರಾದ್ರೂ ಎಣಿಸೋ ಹಾಗೆ ಮಾಡ್ತೀನಿ. ನಿಂಗೆ ಬೇಜಾರಾಗೋದು ಬೇಡ."

ಅವಳು ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಬೇಡ, ನೀವೇ ಎಣಿಸಿ," ಎಂದಳು. "ಬೇರೆಯವರು ಒಂದೇ ಸಲ ಎಣಿಸ್ತಾರೆ."